ಚಹಾ ಕುಡಿಯದ ಭತ್ಯೆ

ಜನವರಿ 4, 2025, ಶನಿವಾರ

ಹಾವೇರಿಯಲ್ಲಿ ತರಬೇತಿ ಎಂಬ ನಾಟಕ ಇವತ್ತು ಮುಗಿಯಿತು. ಹತ್ತು ಗಂಟೆಗೆ ಬರಲು ಹೇಳಿದವರು ಹನ್ನೊಂದೂವರೆಗೆ ದೀಪ ಹಚ್ಚಿದರು. ಫ್ಯಾನಿನ ಗಾಳಿಗೆ ಅದು ಎರಡು ಸಲ ಆರಿತು. ಫ್ಯಾನು ಆರಿಸಬೇಕೆಂದು ವೇದಿಕೆಯ ಮೇಲಿದ್ದ ಆರು ಗಣ್ಯರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಸಂಸ್ಥೆಯ ಹೆಸರು ‘ನೆರವು ಬಳಗ’. ಹಾಸಿಗೆ ಹಿಡಿದವರ, ಗಾಯ ಮಾಯದವರ ಮನೆಗೆ ವಾರಕ್ಕೆ ಎರಡು ಸಲ ಹೋಗುವುದು, ಮಾತ್ರೆ ನುಂಗಿದರೋ ಇಲ್ಲವೋ ವಿಚಾರಿಸುವುದು, ನಾಲ್ಕು ಮಾತಾಡಿ ಬರುವುದು ನಮ್ಮ ಕೆಲಸ. ಸಂಬಳವಿಲ್ಲ. ಸಂಬಳವಿಲ್ಲದ ಈ ಕೆಲಸಕ್ಕೆ ನಲವತ್ತೊಂದು ನಿಯಮ. ಮೂವತ್ತಾರು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಸಂಬಳ ತೆಗೆದುಕೊಂಡಾಗಲೂ ನಾನು ಇಷ್ಟು ನಿಯಮ ಕಂಡಿರಲಿಲ್ಲ. ಗಾಯ ಮುಟ್ಟಬಾರದು. ಮನೆಗೆಲಸ ಮಾಡಬಾರದು. ಏನನ್ನೂ ಕೊಡಬಾರದು, ತೆಗೆದುಕೊಳ್ಳಬಾರದು. ಯಾವ ಕಾಗದಕ್ಕೂ ಸಹಿ ಹಾಕಬಾರದು. ಸ್ವಂತ ಊರಿನಲ್ಲಿ ಸೇವೆ ಮಾಡಬಾರದು. ಮಾಡಿದರೆ ಮನೆಮನೆಯ ಸುದ್ದಿ ಹರಡುತ್ತದಂತೆ. ಅದಕ್ಕೇ ರಾಣೆಬೆನ್ನೂರಿನವಳಾದ ನನಗೆ ಬ್ಯಾಡಗಿ. ರೋಗಿ ಎನ್ನಬಾರದು, ‘ಫಲಾನುಭವಿ’ ಎನ್ನಬೇಕು. ಕಾಲು ಕೊಳೆಯುತ್ತಿರುವವರು ಯಾವ ಫಲ ಅನುಭವಿಸುತ್ತಾರೋ ದೇವರಿಗೇ ಗೊತ್ತು.

ಇನ್ನು ಭತ್ಯೆಗಳು. ಬಸ್ಸಿನ ಟಿಕೆಟ್ಟು ತೋರಿಸಿದರೆ ಅದರ ದರ ಕೊಡುತ್ತಾರೆ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಕಂಡಕ್ಟರು ಕೊಡುವುದು ಸೊನ್ನೆಯ ಟಿಕೆಟ್ಟು. ಅದನ್ನೂ ಅಂಟಿಸಿ ಸಹಿ ಮಾಡಿ ಕಳಿಸಬೇಕಂತೆ, ಸೊನ್ನೆ ಮಂಜೂರು ಮಾಡುತ್ತಾರಂತೆ. ಉಪಾಹಾರ ಭತ್ಯೆ ಮಾತ್ರ ಗಂಡಸರಿಗೂ ಹೆಂಗಸರಿಗೂ ಒಂದೇ. ಫಲಾನುಭವಿಯ ಮನೆಯಲ್ಲಿ ಚಹಾ, ತಿಂಡಿ, ನೀರು ಯಾವುದನ್ನೂ ಸೇವಿಸತಕ್ಕದ್ದಲ್ಲ. ಬದಲಿಗೆ ಭೇಟಿಯೊಂದಕ್ಕೆ ಮೂವತ್ತು ರೂಪಾಯಿ. ಹೋದ ವರ್ಷ ಯಾರೋ ಮಹಾಶಯರು ಹೋದ ಹೋದ ಮನೆಯಲ್ಲಿ ಉಪ್ಪಿಟ್ಟು ಮಾಡಿಸಿಕೊಂಡು ತಿಂದರಂತೆ. ಅವರ ಹೊಟ್ಟೆಯಿಂದ ಹುಟ್ಟಿದ ನಿಯಮ ಇದು.

ಇದನ್ನೆಲ್ಲ ಓದಿ ಹೇಳಿದವನು ಸಂಯೋಜಕ ಚೇತನಕುಮಾರ. ನನ್ನ ವಿದ್ಯಾರ್ಥಿ. ಗಣಿತಕ್ಕೆ ಮೂವತ್ತಾರು ಅಂಕ ತೆಗೆದು, ಪಾಸಾದೆನೆಂದು ಪೇಢೆ ತಂದುಕೊಟ್ಟವನು. ಈಗ ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದ್ದಾನೆ, ಕೊರಳಲ್ಲಿ ಐಡಿ ಕಾರ್ಡಿನ ಪಟ್ಟಿ, ಮಾತಿಗೊಂದು ‘ಬೇಸಿಕಲಿ’. ಇವನ ಕೈಯಿಂದ ನಾನು ಗುರುತಿನ ಚೀಟಿ ಹಾಕಿಸಿಕೊಂಡೆ.

ಯಾಕೆ ಹೋದೆ? ನಿವೃತ್ತಿಯಾಗಿ ಏಳು ತಿಂಗಳು. ಹೋದ ತಿಂಗಳು ಒಂದು ದಿನ ಹಾಲಿನವನ ಜೊತೆ ಮಾತಾಡಲು ಬಾಯಿ ತೆರೆದರೆ ಗಂಟಲು ಕಟ್ಟಿತ್ತು. ಎರಡು ದಿನದಿಂದ ಯಾರೊಡನೆಯೂ ಒಂದು ಮಾತಾಡಿಲ್ಲವೆಂದು ಆಗ ಗೊತ್ತಾಯಿತು. ಹೆದರಿಕೆಯಾಯಿತು. ಇದನ್ನು ಇಲ್ಲಿ ಬಿಟ್ಟು ಬೇರೆಲ್ಲೂ ಹೇಳುವುದಿಲ್ಲ.

ನಿಯಮಗಳ ವಿಷಯದಲ್ಲಿ ನನ್ನದೊಂದು ಪದ್ಧತಿಯಿದೆ. ಮೂರ್ಖ ನಿಯಮವನ್ನು ಮುರಿಯಬಾರದು, ಅಕ್ಷರಶಃ ಪಾಲಿಸಬೇಕು. ಆಗಲೇ ಅದರ ಮೂರ್ಖತನ ಮಾಡಿದವರ ಮುಖಕ್ಕೆ ರಾಚುತ್ತದೆ. ಈ ನಲವತ್ತೊಂದನ್ನೂ ಪಾಲಿಸಿ ತೋರಿಸುತ್ತೇನೆ.

ಜನವರಿ 7, ಮಂಗಳವಾರ

ಮೊದಲ ಭೇಟಿ. ಮೋಟೆಬೆನ್ನೂರು ದಾಟುತ್ತಲೇ ಬಸ್ಸಿನಲ್ಲಿ ಸೀನು ಶುರುವಾಗಿ ಬ್ಯಾಡಗಿ ಇಳಿದರೂ ನಿಲ್ಲಲಿಲ್ಲ. ಮೆಣಸಿನಕಾಯಿಯ ಸುಗ್ಗಿ. ಈ ಊರಿನವರಿಗೆ ಮೂಗು ಇದೆಯೋ ಇಲ್ಲವೋ.

ನನ್ನ ‘ಫಲಾನುಭವಿ’ಯ ಹೆಸರು ಚೌಡವ್ವ. ನೋಡಿದರೆ ನನ್ನ ಓರಗೆಯವಳು. ವರ್ತಕರ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ ಮಾಡುತ್ತಿದ್ದಳು. ಒಂದು ಕೋಣೆಯ ಮನೆ, ಮೂಲೆಯಲ್ಲಿ ಗ್ಯಾಸಿನ ಒಲೆ. ಮಗ ಮೈಲಾರೆಪ್ಪ ಲಾರಿ ಚಾಲಕ, ಮೆಣಸಿನಕಾಯಿ ಹೇರಿಕೊಂಡು ಹೋದರೆ ವಾರಗಟ್ಟಲೆ ಮನೆ ಕಾಣುವುದಿಲ್ಲ. ಚೌಡವ್ವನಿಗೆ ಸಕ್ಕರೆ ಕಾಯಿಲೆ; ಬಲಗಾಲಿನ ಪಾದದಲ್ಲಿ ದೀಪಾವಳಿಗೆ ಆದ ಗಾಯ ಇನ್ನೂ ಮಾದಿಲ್ಲ. ಶಿವರಾತ್ರಿಯೊಳಗೆ ಮಾಯದಿದ್ದರೆ ಪಾದ ತೆಗೆಯಬೇಕಾಗುತ್ತದೆ ಎಂದು ಹಾವೇರಿಯ ಡಾಕ್ಟರು ಹೇಳಿದ್ದಾರೆ. ಕಾಲು ಊರಬಾರದು, ಸಿಹಿ ತಿನ್ನಬಾರದು.

ನಾನು ಹೋಗಿ ಕೂತು ಐದು ನಿಮಿಷವಾಗಿಲ್ಲ, ಎದ್ದಳು. ಆ ಕಾಲನ್ನೇ ಊರಿಕೊಂಡು ಒಲೆಯ ಹತ್ತಿರ ಹೋಗಿ ಚಹಾ ಇಟ್ಟಳು.

“ಏಯ್, ಕುಂದ್ರು! ಕಾಲ ಊರಬ್ಯಾಡ ಅಂತ ಡಾಕ್ಟರ್ ಹೇಳಿಲ್ಲೇನ?” ಎಂದೆ.

“ಹೇಳ್ಯಾರ್ರಿ ಅಕ್ಕಾರ. ಮನಿಗೆ ಬಂದವರಿಗೆ ಡಾಕ್ಟರ್ ಬಂದು ಚಾ ಮಾಡಿ ಕೊಡ್ತಾರೇನ್ರಿ?”

ಸ್ಟೀಲಿನ ಲೋಟವನ್ನು ಬೂದಿ ಹಾಕಿ ಮತ್ತೊಮ್ಮೆ ತಿಕ್ಕಿ, ತೊಳೆದು, ಚಹಾ ಸೋಸಿ ನನ್ನ ಮುಂದೆ ಇಟ್ಟಳು. ನಾನು ನಿಯಮದಂತೆ, “ನಮಗ ಇಲ್ಲೆ ಕುಡಿಯಾಕ ಬರೂದಿಲ್ಲ,” ಎಂದೆ. ಲೋಟವನ್ನು ನೋಡಿದಳು, ನನ್ನನ್ನು ನೋಡಿದಳು. ಆ ಚಹಾವನ್ನು ಬಾಗಿಲ ಹೊರಗೆ ಗಟಾರಿಗೆ ಸುರಿದು ಬಂದಳು. ಅದಕ್ಕೂ ಕಾಲು ಊರಿಯೇ ಹೋದಳು. ಸುರಿಯಲಿಕ್ಕಾಗಿ ಇಷ್ಟು ಸಂಭ್ರಮದಿಂದ ಚಹಾ ಮಾಡುವುದೇಕೆ? ಈ ಮಂದಿಗೆ ಹಾಲು ಸಕ್ಕರೆಯ ಬೆಲೆ ಗೊತ್ತಿಲ್ಲ.

ಜನವರಿ 10, ಶುಕ್ರವಾರ

ಚೌಡವ್ವ ಇವತ್ತು ಚಹಾದ ಸುದ್ದಿ ಎತ್ತಲಿಲ್ಲ. ಒಂದೇ ಸಲಕ್ಕೆ ಕಲಿತಳು. ನನ್ನ ಕೆಲವು ವಿದ್ಯಾರ್ಥಿಗಳಿಗಿಂತ ವಾಸಿ.

ನಾನಿದ್ದಾಗಲೇ ಬಳಗದ ನರ್ಸು ಮೆಹನಾಜ ಬಂದು ಗಾಯಕ್ಕೆ ಪಟ್ಟಿ ಕಟ್ಟಿದಳು. ಪುಟ್ಟ ಹುಡುಗಿ, ಕೈ ಮಾತ್ರ ಚುರುಕು. ಕಟ್ಟಿ ಮುಗಿಸಿ ತಾನೇ ಒಲೆ ಹಚ್ಚಿ ಚಹಾ ಮಾಡಿದಳು. ಚೌಡವ್ವನಿಗೆ ಸಕ್ಕರೆ ಇಲ್ಲದ್ದು, ತನಗೆ ಸಕ್ಕರೆ ಹಾಕಿದ್ದು. ಇಬ್ಬರೂ ಸುರ್ ಸುರ್ ಎಂದು ಕುಡಿದರು. ಹೊರಗೆ ಬಂದಾಗ ನಿಯಮ ನೆನಪಿಸಿದೆ.

“ನಾ ಕುಡದಿಲ್ಲಂತನ ಬರೀತೇನ್ರಿ ಟೀಚರ್. ಎಲ್ಲಾರೂ ಹಂಗ ಬರಿಯೂದು,” ಎಂದು ಕಣ್ಣು ಮಿಟುಕಿಸಿದಳು.

ಕುಡಿಯುವುದು, ಕುಡಿದಿಲ್ಲವೆಂದು ಬರೆಯುವುದು, ಮೂವತ್ತು ರೂಪಾಯಿ ಎಣಿಸುವುದು. ದೇಶ ಉದ್ಧಾರವಾದ ಹಾಗೇ. ಇಡೀ ಬಳಗದಲ್ಲಿ ನೆಟ್ಟಗಿರುವವಳು ನಾನೊಬ್ಬಳೇ ಎಂದು ಕಾಣುತ್ತದೆ.

ಜನವರಿ 14, ಮಂಗಳವಾರ, ಸಂಕ್ರಾಂತಿ

ರಜೆ ಇದ್ದರೂ ಹೋದೆ. ಹಬ್ಬದ ದಿನ ಒಬ್ಬಳೇ ಯಾರಿಗೆ ಸಜ್ಜೆ ರೊಟ್ಟಿ ಬಡಿಯಲಿ?

ಹೋಗಬಾರದಿತ್ತು.

ಚೌಡವ್ವ ಒಗೆದ ಸೀರೆ ಉಟ್ಟು ಬಾಗಿಲಿಗೇ ಕೂತಿದ್ದಳು. ನನ್ನನ್ನು ಕಂಡದ್ದೇ ಒಂದು ತಟ್ಟೆ ಮುಂದೆ ಹಿಡಿದಳು. ಬಿಳಿ, ಗುಲಾಬಿ ಬಣ್ಣದ ಕುಸುರೆಳ್ಳು.

“ತಗೋರಿ ಅಕ್ಕಾರ. ಚಾ ಅಂದ್ರ ಮುಸುರಿ ಆತು, ನೀವು ಒಲ್ಲೆ ಅಂದ್ರಿ. ಇದರಾಗೇನೈತಿ? ಒಣಾ ಜಿನಸು. ಅಂಗಡ್ಯಾಗಿಂದು, ನಮ್ಮ ಕೈಲೆ ಮಾಡಿದ್ದಲ್ಲ.”

ಆಗ ನನ್ನ ತಲೆಯ ಟ್ಯೂಬ್‌ಲೈಟು ಹೊತ್ತಿತು. ಇಷ್ಟು ದಿನ ಇವಳು ತಿಳಿದುಕೊಂಡದ್ದು ಏನೆಂದು ಅರ್ಥವಾಗಿ ಮೈ ಉರಿದುಹೋಯಿತು. ನಾನು ಜಾತಿ ನೋಡುವವಳೇ? ಬಿಸಿಯೂಟ ಶುರುವಾದಾಗಿನಿಂದ ಎಲ್ಲ ಮಕ್ಕಳ ಸಾಲಿನಲ್ಲಿ ಕೂತು ಉಂಡವಳು ನಾನು. ಈ ಕಳಂಕ ತಕ್ಷಣ ತೊಳೆದುಕೊಳ್ಳಬೇಕು ಅನ್ನಿಸಿತು. ಬಾಯಿಗೆ ನಾಲ್ಕು ಕಾಳು ಹಾಕಿಕೊಂಡಿದ್ದರೆ ಮುಗಿದೇ ಹೋಗುತ್ತಿತ್ತು. ನಾನು ವಿವರಣೆ ಕೊಡಲು ನಿಂತೆ. ಹುಟ್ಟುಗುಣ.

“ಜಾತಿ ಗೀತಿ ಏನಿಲ್ಲ ಚೌಡವ್ವ. ನಮ್ಮ ಬಳಗದಾಗ ನಿಯಮ ಐತಿ. ನಿಮ್ಮನ್ಯಾಗ ಏನೂ ತಗೋಬಾರದು ಅಂತ. ಅದಕ್ಕಂತನ ಒಂದ್ ಸಲಕ್ಕ ಮೂವತ್ತ ರೂಪಾಯಿ ಕೊಡ್ತಾರ.”

ತಟ್ಟೆ ಹಿಡಿದ ಕೈ ಅಲ್ಲೇ ನಿಂತಿತು.

“ನಮ್ಮನಿ ಚಾ ಕುಡೀಲಾರದ್ದಕ್ಕ ನಿಮಗ ರೊಕ್ಕ ಕೊಡ್ತಾರ?”

“ಹಂಗಲ್ಲ. ಅದು ಉಪಾಹಾರ ಭತ್ಯೆ ಅಂತ...”

“ಕೊಡ್ತಾರೋ ಇಲ್ಲೋ?”

“ಕೊಡ್ತಾರ.”

“ಗೌಡ್ರ ಹಿತ್ತಲದಾಗ ಕುಂತು ಚಾ ಕುಡದಾಕಿ ನಾ. ನಮ್ಮ ಕಪ್ಪು ಗ್ವಾಡಿ ಕಿಂಡ್ಯಾಗ ಬ್ಯಾರೇ ಇಡತಿದ್ರು. ಅವರು ನಮ್ಮನಿಗೆ ಬರತಿದ್ದಿಲ್ಲ, ಕುಡೀತಿದ್ದಿಲ್ಲ. ಅದಕ್ಕ ಅವರಿಗ್ಯಾರೂ ರೊಕ್ಕಾ ಕೊಡತಿದ್ದಿಲ್ರಿ. ನಮ್ಮನಿ ಬಾಗಲಕ್ಕ ಬಂದು, ಕುಡೀಲಾರದ್ದಕ್ಕ ಪಗಾರ ತಗೊಂಡ್ ಹೋಗೋರನ್ನ ಇವತ್ತ ನೋಡಿದೆ. ನಡೀರಿ ಅಕ್ಕಾರ. ನಿಮ್ಮ ಬಳಗದವರು ಯಾರೂ ನನ್ನ ಕಾಲ ಮುಟ್ಟೂದು ಬ್ಯಾಡ.”

ಬಾಗಿಲು ಹಾಕಿಕೊಂಡಳು. ಉಪಾಹಾರ ಭತ್ಯೆ ಎಂದರೇನೆಂದು ತಿಳಿಯದ ಹೆಂಗಸಿಗೆ ಯಾವ ಭಾಷೆಯಲ್ಲಿ ತಿಳಿಸಿ ಹೇಳುವುದು? ಬಸ್ಸಿನಲ್ಲಿ ಬರುವಾಗ ಇದನ್ನೇ ಹತ್ತು ಸಲ ನನಗೆ ನಾನೇ ಹೇಳಿಕೊಂಡೆ. ಹತ್ತನೆಯ ಸಲಕ್ಕೂ ಸಮಾಧಾನವಾಗಲಿಲ್ಲ. ಆ ತಟ್ಟೆ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಜನವರಿ 17, ಶುಕ್ರವಾರ

ಬಾಗಿಲು ತೆರೆಯಲಿಲ್ಲ. ಮೆಹನಾಜಳಿಗೂ ತೆರೆಯಲಿಲ್ಲ. ಹುಡುಗಿ ಕೈಯಲ್ಲಿ ಪಟ್ಟಿಯ ಡಬ್ಬಿ ಹಿಡಿದು, “ಚೌಡವ್ವಾ, ನಾ ಚಾ ಕುಡದೇನಲ್ಲ ಬೇ, ನನಗ್ಯಾಕ?” ಎಂದು ಗೋಗರೆದಳು. ಒಳಗಿನಿಂದ, “ನೀ ಕುಡದು, ಕುಡದಿಲ್ಲಂತ ಬರ್ದಿರ್ತಿ. ಹೋಗು,” ಎಂದು ಬಂತು. ಅವತ್ತು ಹೊರಗೆ ನಾವಾಡಿದ ಮಾತು ಒಳಗೆ ಕೇಳಿಸಿರಬೇಕು. ನಾನೇ ಚಾಡಿ ಹೇಳಿದೆನೆಂಬಂತೆ ಮೆಹನಾಜ ನನ್ನನ್ನು ನೋಡಿದಳು.

ಸಂಜೆ ಚೇತನಕುಮಾರನಿಗೆ ಫೋನು ಮಾಡಿದೆ.

“ಬೇಸಿಕಲಿ ಟೀಚರ್, ಇದು ಭೇಟಿ ನಿರಾಕರಣೆ ಆತು. ಮೂರು ಸಲ ನಿರಾಕರಣೆ ಆದ್ರ ಹೆಸರು ತಗದು ಬ್ಯಾರೇ ಫಲಾನುಭವಿಗೆ ಕೊಡ್ತೇವಿ. ನೀವು ಟೆನ್ಶನ್ ತಗೋಬ್ಯಾಡ್ರಿ.”

“ಆಕೀ ಕಾಲು?”

“ನಾವು ಫೋರ್ಸ್ ಮಾಡಾಕ ಬರೂದಿಲ್ರಿ. ನಿಯಮ.”

ಮೂವತ್ತಾರು ಅಂಕ ಕೊಟ್ಟದ್ದೇ ಹೆಚ್ಚಾಯಿತು.

ಜನವರಿ 21, ಮಂಗಳವಾರ

ಎರಡನೆಯ ನಿರಾಕರಣೆ. ಪಕ್ಕದ ಮನೆಯ ಹೊಳಿಯವ್ವ ಕೆಲಸಕ್ಕೆ ಹೊರಟವಳು ನಿಂತು ಹೇಳಿದಳು: “ಅರಿಷಿಣಾ ಮೆತ್ತಿ ಅರಬಿ ಸುತ್ಕೊಂಡಾಳ್ರಿ. ಒಳಗ ನಾತಾ ಹೊಡ್ಯಾಕತ್ತೈತಿ. ‘ಕಾಲಿದ್ರ ಅಂಗಳಕ್ಕ ಹೋಗಿ ಮಂದ್ಯಾಗ ಕುಂತು ಕಾಯಿ ಬಿಡಸ್ತೇನಿ, ಕಾಲ ಹೋದ್ರ ನಾಕ ಗ್ವಾಡಿ ನೋಡ್ಕೊಂತ ಸಾಯಬೇಕು’ ಅಂತ ಅಳತಾಳ. ಬಾಗಲಾ ತಗಿ ಅಂದ್ರ ತಗಿಯಂಗಿಲ್ಲ.”

ಎಂಥ ಹಟಮಾರಿ. ಕಾಲು ಯಾರದು, ಹಟ ಯಾರ ಮೇಲೆ? ಇಂಥವರಿಗಾಗಿ ನಾನು ಬಸ್ಸಿನಲ್ಲಿ ನಿಂತು ಬರುತ್ತೇನಲ್ಲ, ನನಗೆ ಬುದ್ಧಿ ಕಡಿಮೆ.

ನಾಲ್ಕು ಗೋಡೆಯ ಮಾತು ನನಗೂ ಸ್ವಲ್ಪ ಗೊತ್ತು. ಅದಕ್ಕೇ ಹೆಚ್ಚು ಸಿಟ್ಟು ಬಂದಿರಬೇಕು.

ಜನವರಿ 24, ಶುಕ್ರವಾರ

ಇವತ್ತು ಮೂರನೆಯ ಸಲ ಬಾಗಿಲು ಹಾಕಿದರೆ ಹೆಸರು ಹೋಗುತ್ತದೆ, ಮೆಹನಾಜಳೂ ಬರುವಂತಿಲ್ಲ. ಬಾಗಿಲು ಬಡಿದರೆ ತಾನೇ ನಿರಾಕರಣೆ? ನಾನು ಬಡಿಯಲೇ ಇಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕೂರಬಾರದು ಎಂದು ನಲವತ್ತೊಂದರಲ್ಲಿ ಎಲ್ಲೂ ಇಲ್ಲ. ಚೇತನಕುಮಾರನ ತಲೆಗೆ ಅಷ್ಟು ದೂರ ಹೊಳೆಯುವುದಿಲ್ಲ.

ಸೀನಿ ಸೀನಿ ಸಾಕಾಯಿತು. ನನ್ನ ಸೀನು ಕೇಳಿಯೇ ಒಳಗೆ ಗೊತ್ತಾಗಿರಬೇಕು.

“ಯಾಕ ಕುಂತೀರಿ? ನಿಮ್ಮ ಮೂವತ್ತ ರೂಪಾಯಿ ಹೋಕ್ಕಾವಂತನ?”

ನನ್ನ ಬಾಯಿಂದ ಬಂದದ್ದು ಇದು: “ಚೌಡವ್ವ, ಒಂದ್ ಕಪ್ ಚಾ ಹಾಕು.”

ನಾನು ಈ ವಯಸ್ಸಿನವರೆಗೆ ಯಾರ ಮನೆಯಲ್ಲೂ ಬಾಯಿಬಿಟ್ಟು ಚಹಾ ಕೇಳಿದವಳಲ್ಲ. ತಂದರೆ ಕುಡಿದಿದ್ದೇನೆ, ತರದಿದ್ದರೆ ಎದ್ದು ಬಂದಿದ್ದೇನೆ.

“ಹಾಲಿಲ್ಲ,” ಎಂದಳು ಒಳಗಿನಿಂದ.

ಜನವರಿ 28, ಮಂಗಳವಾರ

“ಚೌಡವ್ವ, ಚಾ.”

“ಸಕ್ರಿ ಇಲ್ಲ.”

ಸಕ್ಕರೆ ಕಾಯಿಲೆಯವಳ ಮನೆಯಲ್ಲಿ ಸಕ್ಕರೆ ಇಲ್ಲವಂತೆ, ನಾನು ನಂಬಬೇಕಂತೆ. ಮೂಲೆಯ ಅಂಗಡಿಯಲ್ಲಿ ಒಂದು ಪೊಟ್ಟಣ ಕಟ್ಟಿಸಿ ತರೋಣವೆಂದು ಎದ್ದವಳು ಮತ್ತೆ ಕೂತೆ. ನಾನು ತಂದ ಹಾಲು ಸಕ್ಕರೆಯಲ್ಲಿ ಮಾಡಿದರೆ ಅದು ನನ್ನ ಚಹಾ ಆಗುತ್ತದೆ, ಅವಳದಾಗುವುದಿಲ್ಲ. ಇಷ್ಟು ಸೂಕ್ಷ್ಮ ನನಗೆ ಯಾವಾಗಿನಿಂದ ಅರ್ಥವಾಗತೊಡಗಿತೋ.

ಓಣಿಯ ಮಂದಿ ನಿಂತು ನೋಡಿ ಹೋಗುತ್ತಾರೆ. ಒಬ್ಬ ಮುದುಕ, “ಪಾಪ, ಬಡ್ಡಿ ವಸೂಲಿಗೆ ಬಂದಾರೇನೋ,” ಎಂದ. ನನ್ನ ಮಾನ ಬ್ಯಾಡಗಿಯ ಗಟಾರಿನಲ್ಲಿ ಹರಿಯುತ್ತಿದೆ. ಬಳಗಕ್ಕೆ ಕಳಿಸುವ ವರದಿಯಲ್ಲಿ ‘ಭೇಟಿ ನಡೆಯಿತು’ ಎಂದು ಬರೆದೆ. ಸುಳ್ಳಲ್ಲ. ನಿಜವೂ ಅಲ್ಲ. ಮೆಹನಾಜಳ ಶಾಲೆಗೆ ನಾನೂ ಸೇರಿದೆ.

ಫೆಬ್ರುವರಿ 1, ಶನಿವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಬರೆಯುವ ಸ್ಥಿತಿಯಲ್ಲಿರಲಿಲ್ಲ.

ಮೆಟ್ಟಿಲ ಮೇಲೆ ಕೂತು ಅರ್ಧ ಗಂಟೆಯಾಗಿತ್ತು. ಚಿಲಕ ತೆಗೆದ ಸದ್ದಾಯಿತು.

“ಬರ್ರಿ ಒಳಗ. ಅಕ್ಕಾರನ್ನ ಬಿಸಲಾಗ ಕುಂದರ್ಸ್ಯಾಳಂತ ಓಣ್ಯಾಗೆಲ್ಲಾ ನನ್ನ ಬೈಯಾಕತ್ತಾರ. ಚಾ ಬೇಕಲ್ಲ? ನನಗ ನಿಂದ್ರಾಕ ಆಗೂದಿಲ್ಲ. ನೀವ ಮಾಡ್ರಿ.”

ಒಳಗೆಲ್ಲ ಕೊಳೆತ ವಾಸನೆ. ಅವಳು ಚಾಪೆಯ ಮೇಲೆ ಒರಗಿಕೊಂಡು ಹುಕುಂ ಕೊಟ್ಟಳು. ಪುಡಿ ಆ ಡಬ್ಬಿ. ಅದಲ್ಲ, ಅದರ ಹಿಂದಿನದು. ನೀರು ಅಷ್ಟು ಹಾಕಬ್ಯಾಡ್ರಿ. ಕುದೀಲಿ, ಕುದೀಲಿ, ಏನವಸರ. ಹಾಲೂ ಇತ್ತು, ಸಕ್ಕರೆಯೂ ಇತ್ತು. ಅವಳಿಗೆ ಸಕ್ಕರೆ ಇಲ್ಲದ್ದು ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಕಿವಿಚಿದಳು.

“ಮೂವತ್ತಾರ ವರ್ಸ ಸಾಲಿ ಕಲಿಸೀರಿ, ಚಾ ಕಾಸೂದು ಕಲ್ತಿಲ್ಲಲ್ರಿ. ಪಾತ್ರಿ ತೊಳದ ನೀರಾಗೇತಿ.”

“ಕುಡದ್ರ ಕುಡಿ, ಬಿಟ್ರ ಬಿಡು,” ಎಂದೆ. ಕುಡಿದಳು. ನಾನೂ ಕುಡಿದೆ. ಅವಳು ಹೇಳಿದ್ದು ನಿಜ.

ಆಮೇಲೆ ಅರಿವೆ ಬಿಚ್ಚಿ ತೋರಿಸಿದಳು. ಎರಡು ಬೆರಳು ಕಪ್ಪಾಗಿದ್ದವು. ಕೈ ಮುಟ್ಟಿ ನೋಡಿದರೆ ಮೈ ಕಾದ ಹಂಚು. ಮೆಹನಾಜಳಿಗೆ ಫೋನು ಮಾಡಿದೆ, ಓಡಿ ಬಂದಳು, ನೋಡಿದವಳೇ ಟಂಟಂ ಆಟೋ ಕರೆತಂದಳು. ಮೂವರೂ ಹಾವೇರಿಯ ಆಸ್ಪತ್ರೆಗೆ ಹೋದೆವು.

ಡಾಕ್ಟರು ನೋಡಿ, ಬೆರಳು ಎರಡನ್ನು ಇವತ್ತೇ ತೆಗೆದರೆ ಬಹುಶಃ ಪಾದ ಉಳಿಯಬಹುದು ಎಂದರು. ರೋಗಿಯ ಕಡೆಯವರೊಬ್ಬರ ಸಹಿ ಬೇಕು. ಮಗ ಆಂಧ್ರದಲ್ಲಿದ್ದ. ಫೋನಿನಲ್ಲಿ ಅತ್ತ. “ಅಕ್ಕಾರ, ನೀವ ಸಹಿ ಮಾಡ್ರಿ. ಬೆರಳ ಹೋದ್ರ ಹೋಗ್ಲಿ, ನಮ್ಮವ್ವನ ಕಾಲ ಉಳೀಲಿ.” ಮೆಹನಾಜ ಬಳಗದ ನೌಕರಿಯವಳು, ಅವಳು ಹಾಕಿದರೆ ಕೆಲಸ ಹೋಗುತ್ತದೆ. ಚೇತನಕುಮಾರನಿಗೆ ಫೋನು ಹಚ್ಚಿದೆ.

“ಟೀಚರ್, ದಯಮಾಡಿ ಸಹಿ ಮಾಡಬ್ಯಾಡ್ರಿ. ನಾಳೆ ಏನಾರ ಆದ್ರ ಬಳಗಕ್ಕ ಬರ್ತೈತಿ. ಸೋಮವಾರ ಕಮಿಟಿ ಕೂಡ್ತೈತಿ, ಕೇಳಿ ಹೇಳ್ತೇನಿ.”

“ಸೋಮವಾರದ ತನಕಾ ಕಮಿಟಿ ಬಂದು ಕಾಲ ಹಿಡಕೊಂಡ್ ಕುಂದರ್ತೈತೇನೋ, ಮಂಗ್ಯಾ?” ಎಂದು ಫೋನು ಇಟ್ಟೆ. ಕೊರಳಿನ ಗುರುತಿನ ಚೀಟಿ ತೆಗೆದು ಚೀಲಕ್ಕೆ ತುರುಕಿದೆ.

ಮೇಜಿನ ಹಿಂದಿನ ನರ್ಸಮ್ಮ ಪೆನ್ನು ಹಿಡಿದು ಕೇಳಿದಳು: “ನೀವು ಇವರಿಗೆ ಏನಾಗಬೇಕು?”

ಸ್ಟ್ರೆಚರಿನ ಮೇಲಿಂದ ಚೌಡವ್ವ ಹೇಳಿದಳು:

“ಏನೂ ಆಗಬೇಕಾಗಿಲ್ರಿ. ಸುಮ್ನ ಬರ್ತಾರ.”

ನರ್ಸಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಪರಿಚಿತರು ಎಂದು ಬರೆದುಕೊಂಡು ಕಾಗದ ನನ್ನ ಕಡೆ ತಳ್ಳಿದಳು. ಸಹಿ ಹಾಕಿದೆ.

ಏನೂ ಆಗಬೇಕಾಗಿಲ್ಲವಂತೆ! ಬಿಸಿಲಿನಲ್ಲಿ ಕೂತವಳು, ಸೀನಿದವಳು, ಓಣಿಯ ಕಣ್ಣಿಗೆ ಬಡ್ಡಿಯವಳಾದವಳು. ಅಷ್ಟು ಹೇಳಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಇದು ನನಗೆ ನೋಯುತ್ತಿದೆ. ಯಾಕೆ ಇಷ್ಟು ನೋಯಬೇಕೋ ತಿಳಿಯದು.

ಫೆಬ್ರುವರಿ 3, ಸೋಮವಾರ

ಎರಡು ಬೆರಳು ಹೋದವು. ಪಾದದ ಮಾತು ಈಗಲೇ ಹೇಳಲಾಗದು ಎನ್ನುತ್ತಾರೆ.

ಮುಚ್ಚಿದ ಬಾಗಿಲಿನ ಹಿಂದೆ ಕಳೆದ ಎರಡು ವಾರ ಆ ಬೆರಳು ತಿಂದವು. ಬಾಗಿಲು ಮುಚ್ಚಿಸಿದವರು ಯಾರು? ಚೇತನಕುಮಾರ ಎಂದು ಬರೆಯಲು ಪೆನ್ನು ಹಿಡಿದು ಕೂತೆ. ಬರೆಯಲಾಗಲಿಲ್ಲ.

ಫೆಬ್ರುವರಿ 10, ಸೋಮವಾರ

ಚೇತನಕುಮಾರ ಮನೆಗೇ ಬಂದಿದ್ದ, ಕೈಯಲ್ಲಿ ಪತ್ರ. ನಿಯಮ ಉಲ್ಲಂಘನೆಯ ಕಾರಣ ನನ್ನನ್ನು ಸ್ವಯಂಸೇವೆಯಿಂದ ಬಿಡುಗಡೆ ಮಾಡಿದ್ದಾರೆ. ಸಂಬಳವಿಲ್ಲದ ಕೆಲಸದಿಂದಲೂ ಕಿತ್ತುಹಾಕುತ್ತಾರೆಂದು ಈ ವಯಸ್ಸಿನಲ್ಲಿ ಕಲಿತೆ. ಜನವರಿ ಮೂವತ್ತೊಂದರ ವರದಿಯಲ್ಲಿ ‘ಚಹಾ ಕುಡಿದೆ’ ಎಂದು ಬರೆದಿದ್ದೆ. ಆ ದಿನದ ಭತ್ಯೆ ಕಡಿದಿದ್ದಾರೆ. ಉಳಿದದ್ದನ್ನು ಲಕೋಟೆಯಲ್ಲಿ ತಂದಿದ್ದ. ಅದನ್ನು ಅವನ ಅಂಗಿಯ ಜೇಬಿಗೇ ತುರುಕಿದೆ.

“ಇನ್ನ ನೀವು ಅಲ್ಲಿಗೆ ಹೋಗೂದು ಬ್ಯಾಡ್ರಿ ಟೀಚರ್. ಯಾವ ಲೆಕ್ಕದಾಗ ಹೋಗ್ತೀರಿ? ಬೇಸಿಕಲಿ ನಿಮಗ ವಿಮಾ ಇಲ್ಲ, ಭತ್ಯೆ ಇಲ್ಲ, ಗುರುತಿನ ಚೀಟಿ ಇಲ್ಲ.”

“ಬಸ್ಸು ಪುಕ್ಕಟ ಐತಲ್ಲ,” ಎಂದೆ.

ಬೈಯುತ್ತಲೇ ಚಹಾ ಕೊಟ್ಟೆ. ಎರಡು ಕಪ್ಪು ಕುಡಿದ. ನಿಯಮ ಮಾಡುವವರಿಗೆ ಬಾಯಾರಿಕೆ ಜಾಸ್ತಿ. ಹೋಗುವಾಗ ಬಾಗಿಲಲ್ಲಿ ನಿಂತು, “ಆ ಚಾದ ನಿಯಮ ನಾ ಮಾಡಿದ್ದಲ್ರಿ ಟೀಚರ್, ಕಮಿಟೀದು,” ಎಂದ. ಮುಖ ಸಣ್ಣದಾಗಿತ್ತು. ನೋಡಿದರೆ ಪೇಢೆ ತಂದ ದಿನದ ಹುಡುಗನೇ. ಹಾಗಂತ ನನಗೇನೂ ಕನಿಕರ ಬರಲಿಲ್ಲ. ಅವಲಕ್ಕಿ ಚೂಡಾ ಕಟ್ಟಿಕೊಟ್ಟೆ, ಅಷ್ಟೇ.

ಫೆಬ್ರುವರಿ 18, ಮಂಗಳವಾರ

ಚೌಡವ್ವ ಮನೆಗೆ ಬಂದಿದ್ದಾಳೆ. ನಾನು ಮಾಡಿದ ಚಹಾ ಈಗಲೂ ಅವಳಿಗೆ ಪಾತ್ರೆ ತೊಳೆದ ನೀರು. ಬಳಗದಲ್ಲಿ ಅವಳ ಹೆಸರನ್ನೂ ತೆಗೆದಿದ್ದಾರಂತೆ, ಅದಕ್ಕೇ ಮೆಹನಾಜ ರಜೆ ಹಾಕಿ ಬಂದು ಪಟ್ಟಿ ಕಟ್ಟುತ್ತಾಳೆ. ಉಳಿದ ದಿನ ನಾನು ಕಟ್ಟುತ್ತೇನೆ. ಗಾಯ ಮುಟ್ಟಬಾರದೆಂಬ ನಿಯಮ ಈಗ ನನಗಿಲ್ಲ. ಮೊದಲ ದಿನ ಬಿಗಿ ಕಟ್ಟಿ ಬೈಸಿಕೊಂಡೆ.

ಸೀನು ನಿಂತಿದೆ. ಮೂಗು ಸತ್ತಿರಬೇಕು.

ಫೆಬ್ರುವರಿ 28, ಶುಕ್ರವಾರ

ಶಿವರಾತ್ರಿ ಮುಗಿಯಿತು. ನಿನ್ನೆ ಡಾಕ್ಟರು ನೋಡಿ, ಪಾದ ಉಳಿಯಿತು, ಗೋಡೆ ಹಿಡಿದು ಸ್ವಲ್ಪ ಸ್ವಲ್ಪ ನಡೆಯಬಹುದು ಎಂದರಂತೆ. ಜೊತೆಗೆ ಹೋಗಿದ್ದು ಮಗ. ಇವತ್ತು ಮುಂಜಾನೆ ಮತ್ತೆ ಲಾರಿ ಹತ್ತಿದ್ದಾನೆ.

ಮನಸ್ಸಿನಲ್ಲಿ ಕೊಳೆಯುತ್ತಿದ್ದದ್ದನ್ನು ಇವತ್ತು ಕೇಳಿಯೇಬಿಟ್ಟೆ.

“ಅವತ್ತ ದವಾಖಾನ್ಯಾಗ ನಾ ನಿನಗ ಏನೂ ಆಗಬೇಕಾಗಿಲ್ಲ ಅಂದೆಲ್ಲ? ಹಂಗ ಅಂತಾರೇನ?”

ಚೌಡವ್ವ ನನ್ನನ್ನೇ ನೋಡಿದಳು.

“ಮತ್ತೇನನ್ಲಿ? ನೀವ ಹೇಳ್ರಿ. ನಿಮ್ಮ ಮಂದಿ ಹ್ಞೂಂ ಅನ್ನೂವಂಥಾದ್ದು, ನಮ್ಮ ಮಂದಿ ಹ್ಞೂಂ ಅನ್ನೂವಂಥಾದ್ದು ಏನೈತಿ? ಏನಾಗಬೇಕು ನೀವು ನನಗ?”

ಮೂವತ್ತಾರು ವರ್ಷ ಪ್ರಶ್ನೆ ಕೇಳಿಯೇ ಹೊಟ್ಟೆ ಹೊರೆದವಳು ನಾನು. ಇಂಥ ಪ್ರಶ್ನೆ ಕೇಳಲು ಇವಳಿಗೇನು ಅಧಿಕಾರ ಎಂದು ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ಚಹಾ ಮಾಡೋಣವೆಂದು ಎದ್ದೆ. “ನೀವು ಕುಂದ್ರಿ,” ಎಂದು ಗದರಿದಳು. ಗೋಡೆ ಹಿಡಿದು ತಾನೇ ಎದ್ದಳು. ಬಲಗಾಲು ಊರುವಾಗ ಹಲ್ಲು ಕಚ್ಚಿದಳು. ಬೇಡ ಎನ್ನಬೇಕೆಂದು ಬಾಯಿವರೆಗೆ ಬಂತು, ನುಂಗಿಕೊಂಡೆ. ಒಲೆ ಹಚ್ಚಿ, ಬೇಕಾದಷ್ಟು ಹೊತ್ತು ಕುದಿಸಿ, ಸೋಸಿ, ಲೋಟವನ್ನು ನನ್ನ ಕೈಗೇ ಕೊಟ್ಟಳು. ಮೂರು ಚಮಚೆ ಸಕ್ಕರೆ ಹಾಕಿದ್ದಳೋ ಏನೋ, ಪಾಕವಾಗಿತ್ತು. ಪೂರ್ತಿ ಕುಡಿದೆ. ಅಲ್ಲಿಯವರೆಗೂ ಅವಳು ನಿಂತೇ ಇದ್ದಳು.

“ಇವತ್ತ ಕುಡದಿದ್ದಕ್ಕ ಎಷ್ಟ ರೊಕ್ಕ ಕಡೀತಾರ್ರಿ ನಿಮ್ಮ ಬಳಗದವರು?”

“ಕಡಿಯಾಕ ಏನೈತಿ? ನನ್ನ ತಗದಾರ. ಕುಡದ್ರೂ ಇಲ್ಲ, ಬಿಟ್ರೂ ಇಲ್ಲ. ಇನ್ನ ಏನೂ ಕೊಡೂದಿಲ್ಲ.”

ಚೌಡವ್ವ ನನ್ನ ಕೈಯಿಂದ ಲೋಟ ತೆಗೆದುಕೊಂಡಳು.

“ಹಂಗಾರ ಇನ್ನೊಂದ್ ಕಪ್ ಕುಡೀರಿ,” ಎಂದು ಒಲೆಯ ಕಡೆ ತಿರುಗಿದಳು.